ಪ್ಲಾಸ್ಟಿಕ್‌ನೊಳಗೆ ಉಳಿದ ಲೋಹ ತೆಗೆಯುವುದು ಹೇಗೆ?

ಕಲಬುರಗಿಯ ಬೇಳೆ ಮಿಲ್ಲುಗಳಲ್ಲಿ ತೊಗರಿ ತುಂಬುವ ನೇಯ್ದ ಬಿಳಿ ಚೀಲ ಪಾಲಿಪ್ರೊಪಿಲೀನಿನದು. ಪ್ರೊಪಿಲೀನ್ ಅನಿಲ ಪ್ಲಾಸ್ಟಿಕ್ ಆಗಲು ಟೈಟಾನಿಯಂ ಕ್ಲೋರೈಡ್ ಮತ್ತು ಅಲ್ಯುಮಿನಿಯಂ ಸಂಯುಕ್ತ ಸೇರಿದ ವೇಗವರ್ಧಕ ಬೇಕು. 1950ರ ದಶಕದಲ್ಲಿ ಇದಕ್ಕೆ ದಾರಿ ಮಾಡಿದ ಕಾರ್ಲ್ ಜೀಗ್ಲರ್, ಜೂಲಿಯೊ ನಟ್ಟಾ ಅವರಿಗೆ 1963ರಲ್ಲಿ ನೊಬೆಲ್ ಬಂತು. ಆದರೆ ವೇಗವರ್ಧಕದ ಕೆಲಸ ಮುಗಿದ ಮೇಲೂ ಅದರ ಲೋಹ, ಕ್ಲೋರಿನ್ ಎರಡೂ ಪ್ಲಾಸ್ಟಿಕ್ಕಿನಲ್ಲೇ ಉಳಿಯುತ್ತವೆ. ಹಾಗೇ ಬಿಟ್ಟರೆ ಮಾಲು ಹಳದಿಯಾಗುತ್ತದೆ, ಅಚ್ಚಿಗೆ ತುಕ್ಕು ಹತ್ತುತ್ತದೆ, ಕೆಪಾಸಿಟರ್ ಫಿಲ್ಮ್ ಕೆಡುತ್ತದೆ.

ತೊಳೆಯುವ ಸಮಯ ಒಂದೇ: ರಿಯಾಕ್ಟರಿನಿಂದ ಬಂದದ್ದು ಇನ್ನೂ ಪುಡಿಯಾಗಿರುವಾಗ. ಕರಗಿಸಿ ದಾಣಾ (ಪ್ಲಾಸ್ಟಿಕ್ ಕಾಳು) ಮಾಡಿದ ಮೇಲೆ ಒಳಗಿನ ಲೋಹ ಕೈಗೆ ಸಿಗುವುದಿಲ್ಲ.

ಮೊದಲು ಉಳಿದ ಅನಿಲ ಹೊರಹಾಕಿ, ಹೆಕ್ಸೇನಿನಂಥ ದ್ರಾವಕದಲ್ಲಿರುವ ಪುಡಿಗೆ ಗಾಳಿ ತಗುಲದಂತೆ ನೈಟ್ರೋಜನ್ ಕಾವಲಿನಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಸೇರಿಸಿ, ಬೆಚ್ಚಗೆ ಕಲಕುತ್ತಾರೆ. ಸ್ವಲ್ಪ ಹೈಡ್ರೊಕ್ಲೋರಿಕ್ ಆಮ್ಲವೂ ಸೇರುವುದುಂಟು. ಇಲ್ಲಿ ಅವಸರ ಕೂಡದು. ಬೇಳೆಯ ಮೇಲಿನ ಧೂಳು ತೊಳೆದಂತಲ್ಲ ಇದು. ಲೋಹ ಕಣದ ಸೂಕ್ಷ್ಮ ರಂಧ್ರಗಳ ಒಳಗಿದೆ, ಆಲ್ಕೊಹಾಲ್ ಅಲ್ಲಿಯವರೆಗೆ ಇಳಿಯಬೇಕು. ಇಳಿದು, ಲೋಹವನ್ನು ಕರಗುವ ಆಲ್ಕಾಕ್ಸೈಡ್ ಮಾಡುತ್ತದೆ. ಆಲ್ಕೊಹಾಲಿಗಿಂತ ಮೊದಲೇ ನೀರು ಹಾಕಿದರೆ ಲೋಹ ಕರಗದ ಹೈಡ್ರಾಕ್ಸೈಡ್ ಆಗಿ ರಂಧ್ರದಲ್ಲೇ ಗಟ್ಟಿ ಕೂರುತ್ತದೆ. ಅಪಾಯವೂ ಇದೆ: ವೇಗವರ್ಧಕದಲ್ಲಿ ಬಳಸುವ ಅಲ್ಯುಮಿನಿಯಂ ಸಂಯುಕ್ತವಾದ ಟ್ರೈಈಥೈಲ್ ಅಲ್ಯುಮಿನಿಯಂ ಗಾಳಿ ತಗುಲಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ, ನೀರು ಬಿದ್ದರೆ ಸಿಡಿಯುತ್ತದೆ. ಶೆಡ್ಡಿನಲ್ಲಿ ಪ್ರಯತ್ನಿಸುವ ಕೆಲಸ ಖಂಡಿತ ಅಲ್ಲ.

ಆಮೇಲೆ ನೀರಿನಿಂದ ತೊಳೆದರೆ ಲೋಹ ನೀರಿಗೆ ಬರುತ್ತದೆ. ಆ ನೀರಿನ ಆಮ್ಲವನ್ನು ಕಾಸ್ಟಿಕ್ ಸೋಡಾದಿಂದ ತಟಸ್ಥಗೊಳಿಸಿ, ಪುಡಿಯನ್ನು ಸೆಂಟ್ರಿಫ್ಯೂಜಿನಲ್ಲಿ ಬೇರ್ಪಡಿಸಿ, ಬಿಸಿ ನೈಟ್ರೋಜನ್‌ನಲ್ಲಿ ಒಣಗಿಸುತ್ತಾರೆ.

ಇಂದಿನ ಬಹುಪಾಲು ಸ್ಥಾವರಗಳು ಈ ತೊಳೆತವನ್ನೇ ಕೈಬಿಟ್ಟಿವೆ. ಮೆಗ್ನೀಸಿಯಂ ಕ್ಲೋರೈಡ್ ಮೇಲೆ ಕೂರಿಸಿದ ವೇಗವರ್ಧಕ ಗ್ರಾಂಗೆ ಹತ್ತಾರು ಕಿಲೊ ಪ್ಲಾಸ್ಟಿಕ್ ಕೊಡುವುದರಿಂದ ಉಳಿಯುವ ಲೋಹ ತೀರಾ ಕಡಿಮೆ. ಉಳಿದ ಆಮ್ಲಾಂಶಕ್ಕೆ ಕ್ಯಾಲ್ಸಿಯಂ ಸ್ಟಿಯರೇಟ್ ಬೆರೆಸಿದರೆ ಸಾಕು. ನನ್ನ ಮಟ್ಟಿಗೆ ತೊಳೆಯುವುದಕ್ಕಿಂತ ಇದೇ ಒಳ್ಳೆಯ ದಾರಿ. ದ್ರಾವಕದ ಬಳಕೆಯೂ ಕೊಳಕು ನೀರಿನ ಕಾಟವೂ ತಪ್ಪುತ್ತದೆ.

ಕಪನೂರ ಕೈಗಾರಿಕಾ ಪ್ರದೇಶದಲ್ಲೋ ಬೀದರದ ಕೊಳಾರದಲ್ಲೋ ಅಚ್ಚು ಯಂತ್ರ ಇಟ್ಟವರು, ಕೊಂಡ ದಾಣಾದಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಲು ಮಾಡಬಹುದಾದದ್ದು ಬೂದಿ ಪರೀಕ್ಷೆ. ಕಾಯಿಸಿ ತಣಿಸಿದ ಮೂಸೆಯನ್ನು ತೂಗಿ, ಅದರಲ್ಲಿ 50 ಗ್ರಾಂ ದಾಣಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಹೊಗೆಗೂಡಿನಡಿ ಸುಡಬೇಕು. ಕೊನೆಗೆ ಮಫಲ್ ಕುಲುಮೆಯಲ್ಲಿ ಕಪ್ಪು ಹೋಗುವವರೆಗೆ ಕಾಯಿಸಿ, ತೇವ ತಗುಲದ ಮುಚ್ಚಿದ ಪಾತ್ರೆಯಾದ ಡೆಸಿಕೇಟರಿನಲ್ಲಿ ತಣಿಸಿ ಮತ್ತೆ ತೂಗಬೇಕು. 5 ಮಿಲಿಗ್ರಾಂ ಬೂದಿ ಸಿಕ್ಕರೆ ಹತ್ತು ಲಕ್ಷಕ್ಕೆ 100 ಭಾಗ. ಅದರಲ್ಲಿ ಸ್ಟಿಯರೇಟಿನ ಕ್ಯಾಲ್ಸಿಯಂ ಕೂಡ ಇರುತ್ತದೆ. ಚೀಲದ ತುಂಡನ್ನು ಸುಟ್ಟು ನೋಡಬೇಡಿ. ಅದಕ್ಕೆ ಬೆರೆಸಿದ ಸುಣ್ಣದಕಲ್ಲಿನ ಪುಡಿಯೇ ಲೆಕ್ಕ ತಪ್ಪಿಸುತ್ತದೆ.