ಮಣ್ಣು ಬೇಡ, ಗಾಳಿ ಬೇಕು: ಕೊಡಗಿನ ಜಗಲಿಯಲ್ಲಿ ವಾಂಡಾ ಬೆಳೆಸುವುದು ಹೇಗೆ?

ಕೊಡಗಿನಲ್ಲಿ ಆಂಥೂರಿಯಂ ಇಲ್ಲದ ಮನೆ ಹುಡುಕುವುದು ಕಷ್ಟ. ನಮ್ಮ ಜಗಲಿ ಸುತ್ತಲೂ ಸಾಲಾಗಿ ಕುಂಡಗಳಿವೆ. ಹಾಗಾಗಿ ಮೊದಲ ಸಲ ವಾಂಡಾ ಆರ್ಕಿಡ್ ತಂದಾಗ ಗೊತ್ತಿದ್ದ ವಿದ್ಯೆಯನ್ನೇ ಅದಕ್ಕೂ ಪ್ರಯೋಗಿಸಿದೆ. ದೊಡ್ಡ ಕುಂಡ, ಕಾಡುಮಣ್ಣು, ಒಣ ಸಗಣಿ ಗೊಬ್ಬರ, ಮೇಲೆ ಒಂದು ಹಿಡಿ ತರಗೆಲೆ. ಏಪ್ರಿಲ್‌ನಲ್ಲಿ ನೆಟ್ಟ ಗಿಡ ಜುಲೈ ಹೊತ್ತಿಗೆ ವಾಲಿತು. ನೇರ ಮಾಡೋಣ ಎಂದು ಹಿಡಿದರೆ ಬುಡವೇ ಕೈಗೆ ಬಂತು. ಕೆಳಗೆ ಬೇರು ಅನ್ನುವುದು ಉಳಿದಿರಲಿಲ್ಲ, ಕಂದು ಬಣ್ಣದ ಲೋಳೆ ಇತ್ತು ಅಷ್ಟೇ.

ತಪ್ಪು ಗಿಡದ್ದಲ್ಲ. ವಾಂಡಾ ನೆಲದ ಗಿಡವೇ ಅಲ್ಲ. ಮರದ ಕೊಂಬೆ ಹಿಡಿದು, ಬೇರುಗಳನ್ನು ಗಾಳಿಯಲ್ಲಿ ಇಳಿಬಿಟ್ಟು ಬದುಕುವ ಅಪ್ಪುಸಸ್ಯ ಅದು. ನಮ್ಮಲ್ಲಿ ಕೆಲವರು ಇದನ್ನು ಬಂದಳಿಕೆ ಅಂತ ಕಿತ್ತು ಬಿಸಾಡುತ್ತಾರೆ. ಬಂದಳಿಕೆ ಮರದೊಳಗೆ ಬೇರಿಳಿಸಿ ರಸ ಹೀರುತ್ತದೆ. ವಾಂಡಾ ಹೀರುವುದಿಲ್ಲ, ಮರವನ್ನು ಸುಮ್ನೆ ಹಿಡಿದುಕೊಂಡಿರುತ್ತದೆ. ವಾಂಡಾ ಎಂಬ ಹೆಸರು ಸಂಸ್ಕೃತದಿಂದಲೇ ಬಂದದ್ದು. ಪಶ್ಚಿಮ ಘಟ್ಟದ ಮರಗಳ ಮೇಲೂ ಇದರ ಕೆಲವು ಜಾತಿಗಳಿವೆ. ಅಂದರೆ ಇದು ನಮ್ಮ ಊರಿಗೆ ಹೊಸಬನೇನಲ್ಲ.

ಮೊದಲು ಬೇರು ನೋಡಲು ಕಲಿಯಿರಿ

ಎಲ್ಲರೂ ಹೂ ನೋಡುತ್ತಾರೆ. ವಾಂಡಾ ಸಾಕುವವರು ಬೇರು ನೋಡಬೇಕು. ಪೆನ್ಸಿಲ್ ದಪ್ಪದ, ಬೂದಿ ಬಣ್ಣದ ಬೇರುಗಳು. ಅವುಗಳ ಮೇಲೆ ವೆಲಮೆನ್ ಎಂಬ ಪದರ ಇರುತ್ತದೆ. ಅದು ಸತ್ತ ಕೋಶಗಳ ಸ್ಪಂಜು. ಒಣಗಿದ್ದಾಗ ಅದರ ತುಂಬ ಗಾಳಿ ಇರುವುದರಿಂದ ಬೆಳ್ಳಗೆ ಕಾಣುತ್ತದೆ. ನೀರು ತುಂಬಿದಾಗ ಪದರ ತಿಳಿಯಾಗಿ ಒಳಗಿನ ಹಸಿರು ಹೊರಗೆ ಕಾಣುತ್ತದೆ.

ಒಂದು ಸಲ ಬೆಳಿಗ್ಗೆ ಸ್ಪ್ರೇ ಬಾಟಲಿ ಹಿಡಿದು ಹತ್ತಿರ ನಿಂತು ನೋಡಿ. ಮೊದಲ ಹನಿಗಳು ಜಾರಿ ಬೀಳುತ್ತವೆ. ಸ್ವಲ್ಪ ಹೊತ್ತಿಗೆ ಬೂದಿ ಬೇರಿನ ಮೇಲೆ ಹಸಿರು ಚುಕ್ಕೆಗಳು ಏಳುತ್ತವೆ. ಚುಕ್ಕೆಗಳು ಕೂಡಿಕೊಂಡು ಪಟ್ಟೆಯಾಗುತ್ತವೆ, ಕೊನೆಗೆ ಇಡೀ ಬೇರು ಹಸಿರಾಗುತ್ತದೆ. ಆಗ ನಿಲ್ಲಿಸಬೇಕು. ಗಿಡದ ಹೊಟ್ಟೆ ತುಂಬಿತು. ಮಧ್ಯಾಹ್ನದ ಹೊತ್ತಿಗೆ ಅದು ಮತ್ತೆ ಬೂದಿ ಬಣ್ಣಕ್ಕೆ ತಿರುಗಿದರೆ ಗಾಳಿ ಚೆನ್ನಾಗಿ ಆಡುತ್ತಿದೆ ಎಂದರ್ಥ. ಸಂಜೆಯಾದರೂ ಹಸಿರು ಹಾಗೇ ಇದ್ದರೆ ಜಾಗ ಬದಲಿಸಿ. ಬೇರಿನ ತುದಿಯಲ್ಲಿ ಅರ್ಧ ಇಂಚು ಹೊಳೆಯುವ ಹಸಿರು ಮೊನೆ ಕಂಡರೆ ಗಿಡ ಬೆಳೆಯುತ್ತಿದೆ. ಆ ಮೊನೆ ಮುಟ್ಟಬೇಡಿ, ಬಹಳ ನಾಜೂಕು.

ಗಿಡ ಆರಿಸುವುದು

ನರ್ಸರಿಯಲ್ಲಿ ಹೂ ನೋಡಿ ಮರುಳಾಗಬೇಡಿ. ಐದಾರು ಜೊತೆ ಗಟ್ಟಿ ಎಲೆ, ಹಸಿರು ಮೊನೆಯ ನಾಲ್ಕೈದು ಬೇರು, ನಡುವಿನ ಸುಳಿ ಗಟ್ಟಿಯಾಗಿ ಇದೆಯಾ ಎಂದು ನೋಡಿ. ಪುಟ್ಟ ಸಸಿ ಅಗ್ಗಕ್ಕೆ ಸಿಗುತ್ತದೆ. ಆದರೆ ಹೂವಿಗೆ ವರ್ಷಗಟ್ಟಲೆ ಕಾಯಬೇಕು.

ವಾಂಡಾದಲ್ಲಿ ಎಲೆ ನೋಡಿಯೇ ಅರ್ಧ ಜಾತಕ ಹೇಳಬಹುದು. ಉದ್ದ ಪಟ್ಟಿಯಂಥ ಎಲೆಯದ್ದು ಒಂದು ಬಗೆ. ಮಾರುಕಟ್ಟೆಯಲ್ಲಿ ಸಿಗುವ ಬಹುಪಾಲು ಮಿಶ್ರತಳಿ ಇದೇ. ಪೆನ್ಸಿಲ್‌ನಂತೆ ಉರುಟು ಎಲೆಯದ್ದು ಇನ್ನೊಂದು. ಅದಕ್ಕೆ ನೇರ ಬಿಸಿಲೇ ಬೇಕು. ಇವೆರಡರ ನಡುವಿನದು ಮೂರನೆಯದು. ಸಿಂಗಾಪುರದ ರಾಷ್ಟ್ರೀಯ ಹೂ ಮಿಸ್ ಜೋಕಿಮ್ ಪೆನ್ಸಿಲ್ ಎಲೆಯ ಬಗೆ. ಅದು ಬೆಳಕಿಗೆ ಬಂದದ್ದು 1893ರಲ್ಲಿ, ರಾಷ್ಟ್ರೀಯ ಹೂವಾದದ್ದು 1981ರಲ್ಲಿ. ಸಸ್ಯ ವಿಜ್ಞಾನಿಗಳು ಈಗ ಅದನ್ನು ವಾಂಡಾ ಕುಲದಿಂದ ತೆಗೆದು ಬೇರೆ ಕುಲಕ್ಕೆ ಸೇರಿಸಿದ್ದಾರೆ. ಮಾತಿನಲ್ಲಿ ಮಾತ್ರ ಅದು ಇನ್ನೂ ವಾಂಡಾವೇ.

ಮಡಿಕೇರಿ, ನಾಪೋಕ್ಲು ಕಡೆಯವರಿಗೆ ನನ್ನ ಸಲಹೆ: ಮೊದಲ ಗಿಡ ನೀಲಿಯದ್ದಿರಲಿ. ನೀಲಿ ಬಣ್ಣ ಹೆಚ್ಚಾಗಿ ಬಂದಿರುವುದು ವಾಂಡಾ ಸೆರೂಲಿಯಾ ಎಂಬ ಜಾತಿಯಿಂದ. ಮೇಘಾಲಯದ ಖಾಸಿ ಬೆಟ್ಟದ ಕಡೆಯದ್ದು, ಚಳಿ ಕಂಡದ್ದು. 1931ರಲ್ಲಿ ನೋಂದಣಿಯಾದ ರೋಥ್ಸ್‌ಚೈಲ್ಡಿಯಾನಾ ಎಂಬ ಹೆಸರಾಂತ ತಳಿ ಈ ಖಾಸಿ ಗಿಡಕ್ಕೂ ಫಿಲಿಪ್ಪೀನ್ಸ್‌ನ ಸ್ಯಾಂಡೆರಿಯಾನಾಕ್ಕೂ ಹುಟ್ಟಿದ ಕೂಸು. ದೊಡ್ಡ ಗುಲಾಬಿ, ಕೆಂಪು ಹೂವಿನ ತಳಿಗಳಲ್ಲಿ ಸ್ಯಾಂಡೆರಿಯಾನಾದ ಅಂಶ ಜಾಸ್ತಿ, ಅವು ಸೆಕೆ ಬಯಸುತ್ತವೆ. ಕುಶಾಲನಗರದ ಬಯಲಿನಲ್ಲಿ ಅವಕ್ಕೆ ಹೆಚ್ಚು ಸುಖ. ಕಾಡಿನಿಂದ ಕಿತ್ತು ತಂದ ನೀಲಿ ವಾಂಡಾ ಯಾರಾದರೂ ಮಾರಿದರೆ ಕೊಳ್ಳಬೇಡಿ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ.

ಕೊರಿಯರ್‌ನಲ್ಲಿ ಬಂದ ಗಿಡ ಬಾಯಾರಿರುತ್ತದೆ. ಪೊಟ್ಟಣ ಬಿಚ್ಚಿ, ಕೊಳೆತ ಬೇರು ಕತ್ತರಿಸಿ, ಉಳಿದದ್ದನ್ನು ಅರ್ಧ ಗಂಟೆ ನೀರಿನಲ್ಲಿ ಅದ್ದಿಡಿ. ಎರಡು ವಾರ ನೆರಳಲ್ಲಿರಲಿ. ಬಂದ ದಿನವೇ ಗೊಬ್ಬರ ಕೊಡುವುದು ಬೇಡ.

ನೇತುಹಾಕುವುದು

ಕುಂಡ ಬೇಡವೇ ಬೇಡ. ಸಂದಿ ಸಂದಿ ಇರುವ ಮರದ ಪಟ್ಟಿಯ ಬುಟ್ಟಿಯೋ ಪ್ಲಾಸ್ಟಿಕ್ ಬುಟ್ಟಿಯೋ ಸಾಕು. ಬೇರುಗಳನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿದರೆ ಮೆತ್ತಗಾಗಿ ಬಾಗುತ್ತವೆ. ಆಮೇಲೆ ಒಂದೊಂದಾಗಿ ಸಂದಿಯಿಂದ ಹೊರಗೆ ಇಳಿಬಿಡಿ. ಗಿಡ ಅಲ್ಲಾಡದಂತೆ ಬುಡದ ಹತ್ತಿರ ಬಟ್ಟೆ ಪಟ್ಟಿಯಿಂದ ಕಟ್ಟಿ. ಬುಟ್ಟಿಯೊಳಗೆ ಏನೂ ತುಂಬಬೇಕಾಗಿಲ್ಲ. ಕುಶಾಲನಗರ, ಸೋಮವಾರಪೇಟೆಯ ಒಣ ಭಾಗದಲ್ಲಿ ನಾಲ್ಕು ದೊಡ್ಡ ಇದ್ದಿಲು ಚೂರು ಹಾಕಿದರೆ ತೇವ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ. ಮಡಿಕೇರಿ, ಭಾಗಮಂಡಲದವರು ಅದನ್ನೂ ಹಾಕಬೇಡಿ. ತೆಂಗಿನ ನಾರನ್ನಂತೂ ಹತ್ತಿರ ತರಬೇಡಿ, ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ.

ನಮ್ಮಮ್ಮ ಖಾಲಿ ಬುಟ್ಟಿ ನೋಡಿ, “ಇಷ್ಟು ದುಡ್ಡು ಕೊಟ್ಟು ತಂದ ಗಿಡವನ್ನು ಉಪವಾಸ ಹಾಕ್ತೀಯಲ್ಲ” ಎಂದು ಬೈದಿದ್ದರು. ಹೂ ಬಂದ ಮೇಲೆ ಸುಮ್ಮನಾದರು.

ಬೆಳಕಿಗೆ ಪೂರ್ವದ ಜಗಲಿ ಎಲ್ಲಕ್ಕಿಂತ ಒಳ್ಳೆಯದು. ಬೆಳಗಿನ ಬಿಸಿಲು ನೇರ ಬೀಳಲಿ, ಹನ್ನೊಂದರ ನಂತರದ್ದು ಶೇಡ್ ನೆಟ್ ಸೋಸಿ ಬರಲಿ. ಅರ್ಧ ಬೆಳಕು ತಡೆಯುವ ನೆಟ್ ಸಾಕು. ಕಾಫಿ ತೋಟದ ನೆರಳು ತಂಪಾಗಿದೆ ಅಂತ ಮರದಡಿ ನೇತುಹಾಕಿದರೆ ಎಲೆ ಸೊಂಪಾಗಿ ಬರುತ್ತದೆ, ಹೂ ಬರುವುದಿಲ್ಲ. ಎಲೆ ಕಡು ಹಸಿರಾಗಿ ಜೋತಾಡುತ್ತಿದ್ದರೆ ಬೆಳಕು ಕಡಿಮೆ. ತಿಳಿ ಹಸಿರು ಸರಿಯಾದ ಬಣ್ಣ. ನೇರಳೆ ಚುಕ್ಕೆಗಳು ಬಂದರೆ ಬಿಸಿಲು ಅಂಚಿಗೆ ಬಂದಿದೆ. ಒಣಗಿದ ಕಪ್ಪು ಮಚ್ಚೆ ಬಿದ್ದರೆ ಸುಟ್ಟಿದೆ.

ಬೇಸಿಗೆಯ ನೀರು, ಗೊಬ್ಬರ

ಫೆಬ್ರುವರಿ ಕೊನೆಯಿಂದ ಮೇ ತನಕ ದಿನಾ ನೀರು ಬೇಕು. ಬಕೆಟ್‌ನಲ್ಲಿ ಬೇರುಗಳನ್ನು ಹದಿನೈದು ನಿಮಿಷ ಅದ್ದಿ. ಇಲ್ಲವೇ ಪೈಪ್‌ನಲ್ಲಿ ಒಮ್ಮೆ ತೋಯಿಸಿ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ತೋಯಿಸಿ. ಒಂದೇ ಬಕೆಟ್‌ನಲ್ಲಿ ಎಲ್ಲ ಗಿಡ ಅದ್ದಬೇಡಿ, ಒಂದರ ರೋಗ ಇನ್ನೊಂದಕ್ಕೆ ಅಂಟುತ್ತದೆ. ಬಯಲು ಸೀಮೆ ಕಡೆಯ ಸೆಕೆಗೆ ಮಧ್ಯಾಹ್ನ ಮೂರಕ್ಕೆ ಇನ್ನೊಂದು ಸಲ ಕೊಡಬಹುದು. ಕತ್ತಲಾಗುವ ಮುಂಚೆ ಎಲೆ ಬುಡ ಒಣಗಿರಲೇಬೇಕು. ಮಳೆ ನೀರು ಹಿಡಿದಿಟ್ಟಿದ್ದರೆ ಅದಕ್ಕಿಂತ ಉತ್ತಮ ಇಲ್ಲ. ಬೋರ್‌ವೆಲ್ ನೀರಿನಿಂದ ಬೇರಿನ ಮೇಲೆ ಬಿಳಿ ಉಪ್ಪು ಕೂತರೆ ನೀರು ಬದಲಿಸಿ.

ಗೊಬ್ಬರದಂಗಡಿಯಲ್ಲಿ ಸಿಗುವ, ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವ, ನೀರಲ್ಲಿ ಕರಗುವ 19:19:19 ಗೊಬ್ಬರ ಸಾಕು. ಲೀಟರಿಗೆ ಅರ್ಧದಿಂದ ಒಂದು ಗ್ರಾಂ, ವಾರಕ್ಕೊಮ್ಮೆ. ತೋಟದ ಲೆಕ್ಕದಲ್ಲಿ ಮುಷ್ಟಿ ಹಾಕುವವರಿಗೆ ಇದು ನಗೆ ತರಿಸಬಹುದು. ಜಾಸ್ತಿಯಾದರೆ ಬೇರಿನ ಮೊನೆ ಕರಕಲಾಗುತ್ತದೆ. ಮೊದಲು ಬರೀ ನೀರಲ್ಲಿ ತೇವ ಮಾಡಿ, ಆಮೇಲೆ ಗೊಬ್ಬರದ ನೀರು ಕೊಡಿ. ತಿಂಗಳಿಗೊಮ್ಮೆ ಗೊಬ್ಬರ ಬಿಟ್ಟು ಬರೀ ನೀರಲ್ಲಿ ಚೆನ್ನಾಗಿ ತೊಳೆಯಿರಿ.

ಎಲೆ ಕಂಕುಳಿಂದ ಏನೋ ಮೂಡುತ್ತಿದೆ, ಬೇರೋ ಹೂದಂಡೋ? ಬೇರಿನ ತುದಿ ಉರುಟು, ನುಣುಪು. ಹೂದಂಡಿನ ತುದಿ ಸ್ವಲ್ಪ ಚಪ್ಪಟೆ, ಚಿಕ್ಕ ಚಿಕ್ಕ ಪದರ ಕಾಣುತ್ತದೆ. ದಂಡು ಬಂದ ಮೇಲೆ ಬುಟ್ಟಿಯನ್ನು ತಿರುಗಿಸುತ್ತಾ ಇರಬೇಡಿ. ಮೊಗ್ಗು ಬೆಳಕಿನ ಕಡೆ ವಾಲುವುದರಿಂದ ಹೂಗಳು ಎತ್ತೆತ್ತಲೋ ಮುಖ ಮಾಡುತ್ತವೆ. ಅರಳಿದ ಹೂ ಮೂರ್ನಾಲ್ಕು ವಾರ ನಿಲ್ಲುತ್ತದೆ. ಒಗ್ಗಿಕೊಂಡ ಗಿಡ ವರ್ಷಕ್ಕೆ ಎರಡು ಸಲ ಹೂ ಬಿಡುವುದೂ ಉಂಟು.

ಮಳೆಗಾಲವೇ ಪರೀಕ್ಷೆ

ಆರ್ಕಿಡ್ ಬಗ್ಗೆ ಎಲ್ಲೇ ಓದಿದರೂ ತೇವ, ತೇವ ಅಂತಲೇ ಬರೆದಿರುತ್ತದೆ. ಅದು ಊರು ಒಣಗಿರುವವರಿಗೆ ಹೇಳಿದ ಮಾತು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನಮ್ಮ ಬಟ್ಟೆ ಒಣಗಲು ವಾರ ಬೇಕು, ಅಲ್ವಾ? ಇಲ್ಲಿ ವಾಂಡಾ ಸಾಯುವುದು ಬಾಯಾರಿಕೆಯಿಂದಲ್ಲ, ಸುಳಿಯಲ್ಲಿ ನಿಂತ ನೀರಿನಿಂದ.

ಜೂನ್ ಮೊದಲ ವಾರಕ್ಕೆ ಎಲ್ಲ ಬುಟ್ಟಿಗಳೂ ಮಾಡಿನ ಕೆಳಗೆ ಬರಬೇಕು, ಎರಚಲು ಹೊಡೆಯದ ಕಡೆ. ಆದರೆ ಗಾಳಿ ಬೇಕು. ಹಿತ್ತಲಿನ ಮುಚ್ಚಿದ ಕೊಟ್ಟಿಗೆಯಲ್ಲಿ ಇಟ್ಟರೆ ಬೂಸ್ಟು ಹಿಡಿಯುತ್ತದೆ. ಬುಟ್ಟಿಯ ಒಂದು ಕಡೆಯ ತಂತಿ ಗಿಡ್ಡ ಮಾಡಿ ಗಿಡವನ್ನು ಓರೆಯಾಗಿ ನೇತುಹಾಕಿ. ಆಗ ಸುಳಿಗೆ ಬಿದ್ದ ಹನಿ ತಾನಾಗಿ ಜಾರಿಹೋಗುತ್ತದೆ. ಈ ಒಂದು ಉಪಾಯ ನನ್ನ ಎಷ್ಟೋ ಗಿಡ ಉಳಿಸಿದೆ. ನಿಂತ ನೀರು ಕಂಡರೆ ಹತ್ತಿಯಿಂದ ಒತ್ತಿ ತೆಗೆಯಿರಿ. ಬೇರು ಬೂದಿ ಬಣ್ಣಕ್ಕೆ ತಿರುಗಿದರೆ ಮಾತ್ರ ನೀರು. ಮೋಡ ಕವಿದ ವಾರಗಳಲ್ಲಿ ಗೊಬ್ಬರ ನಿಲ್ಲಿಸಿ.

ನಡುವಿನ ಎಲೆ ಹಳದಿಯಾಗಿ, ಮೆಲ್ಲಗೆ ಎಳೆದರೆ ಕಳಚಿ ಬಂದು, ಬುಡದಲ್ಲಿ ಕೊಳೆತ ವಾಸನೆ ಬಂದರೆ ಸುಳಿಕೊಳೆ ಶುರುವಾಗಿದೆ. ಬ್ಲೇಡನ್ನು ಬೆಂಕಿಗೆ ಹಿಡಿದು, ಆರಿಸಿ, ಕೊಳೆತದ್ದನ್ನೆಲ್ಲ ಬಿಳಿ ಗಟ್ಟಿ ಭಾಗ ಸಿಗುವ ತನಕ ಕೆತ್ತಿ ತೆಗೆಯಿರಿ. ಗಾಯಕ್ಕೆ ಅಡುಗೆಮನೆಯ ಚಕ್ಕೆ ಪುಡಿ ಹಚ್ಚಿ. ಬೇರಿನ ಮೇಲೆ ಬೀಳದಿರಲಿ, ಅದು ಬೇರನ್ನು ಒಣಗಿಸುತ್ತದೆ. ಮೆಣಸಿನ ಬಳ್ಳಿಗೆ ಹೊಡೆದು ಮಿಕ್ಕ ಬೋರ್ಡೋ ದ್ರಾವಣವನ್ನು ಇದಕ್ಕೂ ಒಂದು ಕೈ ಹೊಡೆಯೋಣ ಅನಿಸುತ್ತದೆ, ಗೊತ್ತು. ಬೇಡ. ಅದರಲ್ಲಿರುವ ತಾಮ್ರ ಹಲವು ಆರ್ಕಿಡ್‌ಗಳಿಗೆ, ಅದರಲ್ಲೂ ಹೂ ಮೊಗ್ಗಿಗೆ, ಆಗಿಬರುವುದಿಲ್ಲ.

ಇನ್ನೊಂದು ಕಾಟ ಬಸವನಹುಳು, ಅದರಲ್ಲೂ ಚಿಪ್ಪಿಲ್ಲದ ಲೋಳೆ ಹುಳು. ಬೇರಿನ ಹಸಿರು ಮೊನೆ ಅದಕ್ಕೆ ಹಬ್ಬದೂಟ. ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದೇ ಖಚಿತ ಮದ್ದು. ಹಿಟ್ಟು ತಿಗಣೆ ಕಂಡರೆ ಕಾಫಿ ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ಲೀಟರಿಗೆ ಐದು ಮಿಲಿ ಬೇವಿನೆಣ್ಣೆ, ಒಂದು ಚೂರು ಸೋಪು, ಬಿಸಿಲಿಲ್ಲದ ಹೊತ್ತು.

ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ ಕಳೆದ ಮೇಲೆ ಬುಟ್ಟಿಗಳನ್ನು ಮತ್ತೆ ಬೆಳಕಿಗೆ ತನ್ನಿ. ಒಮ್ಮೆಲೇ ಬಿಸಿಲಿಗಲ್ಲ, ವಾರಕ್ಕೆ ಸ್ವಲ್ಪ ಸ್ವಲ್ಪ. ಹುತ್ತರಿ ಹಬ್ಬದ (ನವೆಂಬರ್-ಡಿಸೆಂಬರ್) ಹೊತ್ತಿಗೆ ರಾತ್ರಿಯ ಚಳಿ ಏರುತ್ತದೆ. ಹದಿನೈದು ಡಿಗ್ರಿಗಿಂತ ಕೆಳಗೆ ಹೋದರೆ ಸೆಕೆ ನಾಡಿನ ತಳಿಗಳು ಬೆಳವಣಿಗೆ ನಿಲ್ಲಿಸುತ್ತವೆ. ಬಿಸಿಲು ಕುಡಿದ ಗೋಡೆಯ ಪಕ್ಕಕ್ಕೆ ಸರಿಸಿ. ನೀರು ಹತ್ತು ಗಂಟೆ ದಾಟಿದ ಮೇಲೆ ಕೊಡಿ. ಬೆಳಗಿನ ಟ್ಯಾಂಕ್ ನೀರು ನಮ್ಮ ಮುಖಕ್ಕೇ ಕೊರೆಯುತ್ತದೆ, ಬೇರಿಗೆ ಹೇಗಾಗಬೇಡ!

ಮರಗಸಿಯಲ್ಲಿ ಬಿದ್ದ ಗಿಡಗಳು

ಮಳೆಗೆ ಮುಂಚೆ ತೋಟದಲ್ಲಿ ಮರಗಸಿ ಮಾಡಿಸುವಾಗ ಕಡಿದ ಕೊಂಬೆಗಳ ಜೊತೆ ಎಷ್ಟೋ ಆರ್ಕಿಡ್ ನೆಲಕ್ಕೆ ಬೀಳುತ್ತವೆ. ಹೆಚ್ಚಿನವು ಸೀತಾಳೆ ದಂಡೆ. ಅದೂ ವಾಂಡಾದ ಹತ್ತಿರದ ನೆಂಟನೇ. ಅಸ್ಸಾಮಿನ ಹೆಂಗಸರು ಬಿಹು ಹಬ್ಬಕ್ಕೆ ಮುಡಿಯುವ ಹೂ. ನೆಲದಲ್ಲಿ ಬಿಟ್ಟರೆ ಮೊದಲ ಮಳೆಗೇ ಕೊಳೆಯುತ್ತದೆ. ಕಾಡಿನ ಮರಕ್ಕೆ ಕೈ ಹಾಕಬೇಡಿ, ಆದರೆ ನಿಮ್ಮದೇ ತೋಟದಲ್ಲಿ ಹೀಗೆ ಬಿದ್ದದ್ದನ್ನು ಕಡಿಯುವವರಿಗೆ ಹೇಳಿ ಬದಿಗೆ ತೆಗೆಸಿಡಿ. ಅಂಗಳದ ಹಲಸಿಗೋ ಮಾವಿಗೋ, ಪೂರ್ವದ ಮಗ್ಗುಲಲ್ಲಿ, ಎದೆಯೆತ್ತರಕ್ಕೆ ಹಳೆ ಹತ್ತಿ ಸೀರೆಯ ಪಟ್ಟಿಯಿಂದ ಕಟ್ಟಿ. ಪೇರಳೆ ಮರ ಬೇಡ, ಅದರ ತೊಗಟೆ ಸುಲಿದು ಬೀಳುತ್ತದೆ. ಸುಳಿ ಹೊರಕ್ಕೆ ವಾಲಿರಲಿ. ಬೇರು ಮರ ಹಿಡಿಯುವಷ್ಟರಲ್ಲಿ ಬಟ್ಟೆ ತಾನಾಗಿ ಲಡ್ಡಾಗುತ್ತದೆ.

ಬುಟ್ಟಿಯ ವಾಂಡಾ ವರ್ಷಗಳಾದ ಮೇಲೆ ಉದ್ದವಾಗಿ, ಕೆಳಗಿನ ಎಲೆ ಉದುರಿ, ಬೋಳು ಕಾಲಿನ ಕೊಕ್ಕರೆಯಂತಾಗುತ್ತದೆ. ಮೇಲಿನ ಭಾಗದಲ್ಲಿ ಮೂರ್ನಾಲ್ಕು ಒಳ್ಳೆಯ ಬೇರು ಇದ್ದರೆ ಅವುಗಳ ಕೆಳಗೆ ಕತ್ತರಿಸಿ ಹೊಸ ಬುಟ್ಟಿಗೆ ಹಾಕಿ. ಚಳಿ ಕಳೆದು ಬೆಳವಣಿಗೆ ಶುರುವಾಗುವ ಮಾರ್ಚ್ ಇದಕ್ಕೆ ಸರಿಯಾದ ಕಾಲ. ಕೆಳಗಿನ ಮೋಟನ್ನು ಎಸೆಯಬೇಡಿ. ನಾನು ಬಟ್ಟೆ ಒಣಗಿಸುವ ತಂತಿಯ ತುದಿಗೆ ಒಂದನ್ನು ಸಿಕ್ಕಿಸಿ ಮರೆತಿದ್ದೆ. ಅಮ್ಮ ಬಟ್ಟೆ ಹರವಲು ಹೋದಾಗೆಲ್ಲ ಬಕೆಟ್‌ನಲ್ಲಿ ಉಳಿದ ಚೂರು ನೀರನ್ನು ಅದಕ್ಕೆ ಚಿಮುಕಿಸುತ್ತಿದ್ದರಂತೆ. ಅದರಲ್ಲೀಗ ಎರಡು ಮರಿ ಒಡೆದಿವೆ, ಒಂದಕ್ಕೆ ಆಗಲೇ ಬೇರು ಬಂದಿದೆ.