ಇಂಜೆಕ್ಷನ್ ಆಗಿದೆ ಅಂದುಕೊಂಡಿದ್ದೆ

ನಮ್ಮ ನಾಯಿ ಕರಿಯ ಸತ್ತದ್ದು ಜುಲೈನಲ್ಲಿ. ಎರಡು ದಿನ ಊಟ ಬಿಟ್ಟ, ಮೂರನೇ ದಿನ ವಾಂತಿ, ಕಣ್ಣಿನ ಬಿಳಿ ಭಾಗ ಅರಿಶಿನ ಕದಡಿದ ಹಾಗೆ. ರಿಕ್ಷಾದಲ್ಲಿ ಹಾಕಿಕೊಂಡು ಕುಮಟಾಕ್ಕೆ ಹೋದೆ. ಡಾಕ್ಟ್ರು ತುಟಿ ಎತ್ತಿ ಒಸಡು ನೋಡಿ, ಇಲಿ ಜ್ವರ ಇದ್ದ ಹಾಗಿದೆ, ವ್ಯಾಕ್ಸಿನ್ ಆಗಿದೆಯಾ ಅಂತ ಕೇಳಿದರು. ನಾನು ಗಟ್ಟಿಯಾಗಿಯೇ ಹೇಳಿದೆ: "ಎಲ್ಲ ಆಗಿದೆ ಡಾಕ್ಟ್ರೆ, ವರ್ಷ ವರ್ಷ ಹಾಕಿಸ್ತೇವೆ."

ಆಗಿದ್ದು ರೇಬೀಸ್ ಒಂದೇ. ಊರಿಗೆ ಬಂದು ಹಾಕುತ್ತಿದ್ದರು, ನಾನೂ ಹಾಕಿಸುತ್ತಿದ್ದೆ, ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ರೇಬೀಸ್ ಬಿಡುವ ಹಾಗೇ ಇಲ್ಲ ಬಿಡಿ, ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಯೂ ಉಳಿಯುವುದಿಲ್ಲ, ಕಚ್ಚಿಸಿಕೊಂಡವರೂ ಉಳಿಯುವುದಿಲ್ಲ ಅನ್ನುವಂಥ ರೋಗ ಅದು. ಆದರೆ ಪಾರ್ವೊ, ಡಿಸ್ಟೆಂಪರ್ ಅನ್ನುವ ನಾಯಿಗಳ ರೋಗಕ್ಕೆ, ಇಲಿ ಜ್ವರಕ್ಕೆ ಬೇರೆಯೇ ಇಂಜೆಕ್ಷನ್. ಇಲಿ ಉಚ್ಚೆ ಸೇರಿದ ನೀರಲ್ಲಿ, ಒದ್ದೆ ಮಣ್ಣಲ್ಲಿ ಆ ರೋಗಾಣು ವಾರಗಟ್ಟಲೆ ಇರುತ್ತದೆ. ನಮ್ಮ ಕರಿಯ ಮಳೆಗಾಲದಲ್ಲಿ ಗಜನಿ (ಉಪ್ಪುನೀರು ಹತ್ತುವ ಗದ್ದೆ) ಏರಿಯ ಮೇಲೆ ಏಡಿ ಹುಡುಕುತ್ತಾ, ಗದ್ದೆ ನೀರು ಕುಡಿಯುತ್ತಾ ದಿನ ಕಳೆಯುವವನು. ಇಲಿ ಜ್ವರ ಮನುಷ್ಯರಿಗೂ ಬರುತ್ತದೆ, ಅವನ ಉಚ್ಚೆ ತೊಳೆದವರು ನಾವೇ ಅಂತ ಆಮೇಲೆ ನೆನಪಾಗಿ ಆಯಿ ಎರಡು ವಾರ ಹೆದರಿಕೊಂಡೇ ಇದ್ದರು.

ಆಮೇಲೆ ತಂದ ನಾಯಿಮರಿ ಟೈಗರ್. ಬಂದಾಗ ಅವನಿಗೆ ಎಂಟು ವಾರ. ಈ ಸಲ ಮೊದಲ ದಿನವೇ ಲಸಿಕೆಯ ಪುಸ್ತಕ ಮಾಡಿಸಿದೆ. ಎಲ್ಲ ಸೇರಿಸಿದ ಇಂಜೆಕ್ಷನ್ ಎಂಟನೇ ವಾರಕ್ಕೆ, ಹನ್ನೆರಡಕ್ಕೆ, ಹದಿನಾರಕ್ಕೆ. ರೇಬೀಸ್ ಮೂರು ತಿಂಗಳು ತುಂಬಿದ ಮೇಲೆ. ಒಂದೇ ಕಾಯಿಲೆಗೆ ಮೂರು ಸಲ ಯಾಕೆ, ಸುಮ್ನೆ ದುಡ್ಡಿಗೆ ಅಲ್ವಾ ಅಂತ ನಾನೂ ಕೇಳಿದ್ದೆ. ತಾಯಿಯ ಹಾಲಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವಷ್ಟು ದಿನ ಲಸಿಕೆಯನ್ನು ಅದೇ ಹೊಡೆದುಹಾಕುತ್ತದಂತೆ. ಅದು ಯಾವಾಗ ಇಳಿಯುತ್ತದೆ ಅಂತ ಹೊರಗಿಂದ ಗೊತ್ತಾಗುವುದಿಲ್ಲ, ಹಾಗಾಗಿ ಮತ್ತೆ ಮತ್ತೆ ಹಾಕುವುದು. ಈಗ ವರ್ಷಕ್ಕೊಮ್ಮೆ ಇಲಿ ಜ್ವರದ್ದು, ರೇಬೀಸ್‌ದು ಎರಡೂ ಮೇ ತಿಂಗಳಲ್ಲಿ. ಜೂನ್ 1ಕ್ಕೆ ಮೀನುಗಾರಿಕೆ ಬಂದ್ ಆಗುತ್ತದಲ್ಲ, ದೋಣಿ ಮೇಲೆ ಎಳೆಯುವುದರೊಳಗೆ ನಾಯಿಯ ಇಂಜೆಕ್ಷನ್ ಆಗಿರಬೇಕು ಅಂತ ನಮ್ಮನೆ ಲೆಕ್ಕ.

ಒಂದು ಸಲ ದಡ್ಡತನ ಮಾಡಿದೆ. ನಮ್ಮ ಕಡೆ ಎಷ್ಟೋ ಸಲ ಲಸಿಕೆ ನಾವೇ ಮೆಡಿಕಲ್‌ನಿಂದ ತಂದುಕೊಡಬೇಕು. ಸೆಕೆಗಾಲ, ಹಾಳಾದೀತು ಅಂತ ಮೀನಿನ ಡಬ್ಬಿಯ ಐಸ್ ಒಳಗೇ ಬಾಟಲಿ ಹುಗಿದು ಸ್ಕೂಟರಲ್ಲಿ ಹೊರಟೆ. ಡಾಕ್ಟ್ರು ಬಾಟಲಿ ಎತ್ತಿ ನೋಡಿದರು, ಒಳಗೆ ಗಟ್ಟಿಯಾಗಿತ್ತು. ಕಸದ ಬುಟ್ಟಿಗೆ ಹೋಯಿತು. ತಂಪು ಅಂದರೆ 2ರಿಂದ 8 ಡಿಗ್ರಿ, ಹೆಪ್ಪುಗಟ್ಟಿದರೂ ಹಾಳೇ. ಈಗ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಐಸಿಗೆ ನೇರ ತಾಗದ ಹಾಗೆ ಇಡುತ್ತೇನೆ.

ಹುಳದ ಮಾತ್ರೆಯಲ್ಲೂ ಅಂದಾಜೇ ನಡೆಯುತ್ತಿತ್ತು. ನಾವು ತರುವ ಮಾತ್ರೆ ಹತ್ತು ಕಿಲೋಗೆ ಒಂದು. ಟೈಗರ್ ಹದಿನೈದು ಕಿಲೋ ಇರಬಹುದು ಅಂತ ಒಂದೂವರೆ ಕೊಡುತ್ತಿದ್ದೆ. ಅಕ್ಕಿ ಗಿರಣಿಯ ತೂಕದ ಮೇಲೆ ಅವನನ್ನು ಎತ್ತಿಕೊಂಡು ನಿಂತರೆ ಇಬ್ಬರೂ ಸೇರಿ 83. ನಾನೊಬ್ಬನೇ ನಿಂತರೆ 62. ಅಂದರೆ ನಾಯಿಯೇ 21! ಮೂರು ತಿಂಗಳಿಗೊಮ್ಮೆ ಮಾತ್ರೆ, ಮುಳ್ಳು ತೆಗೆದ ಬಂಗಡೆಯೊಳಗೆ ಇಟ್ಟರೆ ಅಗಿಯದೇ ನುಂಗುತ್ತಾನೆ.

ಉಣುಗಿನ ಕಾಟ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಸಂಜೆ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಬೆರಳಾಡಿಸಿ ನೋಡುತ್ತೇನೆ. ಸಿಕ್ಕರೆ ಚಿಮಟಿಗೆಯಿಂದ ಚರ್ಮದ ಬುಡದಲ್ಲೇ ಹಿಡಿದು ನೆಟ್ಟಗೆ ಎಳೆದು ಸೋಪಿನ ನೀರಿಗೆ ಹಾಕುವುದು, ಉಗುರಲ್ಲಿ ಕುಟ್ಟುವುದಿಲ್ಲ. ನಾಯಿಯ ಮೈಗೆ ಎಷ್ಟು ಮದ್ದು ಹಾಕಿದರೂ ಮೊಟ್ಟೆ ಇರುವುದು ಗೋಡೆಯ ಬಿರುಕಲ್ಲಿ. ಜಗುಲಿಯ ಬಿರುಕಿಗೆ ಸಿಮೆಂಟ್ ತುಂಬಿಸಿದ ಮೇಲೆಯೇ ಕಡಿಮೆಯಾದದ್ದು.

ನಾಯಿಗೆ ತಂದ ಉಣುಗಿನ ಮದ್ದಿನಲ್ಲಿ ನಾಲ್ಕು ಹನಿ ನಮ್ಮ ಬೆಕ್ಕು ಮಿನ್ನಿಗೂ ಹಾಕಿಬಿಡೋಣ ಅಂತ ತಮ್ಮ ಬಾಟಲಿ ಬಿಚ್ಚಿದ್ದ. ಪುಣ್ಯಕ್ಕೆ ಅದರ ಮೇಲೆ ಬೆಕ್ಕಿನ ಚಿತ್ರಕ್ಕೆ ಅಡ್ಡಗೆರೆ ಹಾಕಿದ್ದು ಕಂಡಿತು. ಪರ್ಮೆಥ್ರಿನ್ ಇರುವ ಮದ್ದು ಬೆಕ್ಕಿಗೆ ವಿಷ, ನಡುಕ ಹತ್ತಿ ಸಾಯುವುದೂ ಉಂಟು. ಪ್ಯಾರಾಸಿಟಮಾಲ್ ಕೂಡ ಹಾಗೇ, ಜ್ವರ ಅಂತ ಅರ್ಧ ಮಾತ್ರೆ ಕೊಟ್ಟರೂ ಬೆಕ್ಕು ಉಳಿಯುವುದು ಕಷ್ಟ.

ಮಿನ್ನಿಗೆ ರೇಬೀಸ್ ಹಾಕಿಸಿದ್ದು ಹೋದ ವರ್ಷವೇ ಮೊದಲು. ಬೆಕ್ಕಿಗೆ ಯಾಕೆ ಅಂತ ಕೇಳುವವರು ಜಾಸ್ತಿ, ಅದೂ ಕಚ್ಚುತ್ತದೆ, ಪರಚುತ್ತದೆ, ಅದಕ್ಕೂ ಬರುತ್ತದೆ. ತೂಕ ಹಾಕಿದ್ದು ಮನೆ ಬಾಗಿಲಿಗೆ ಬರುವ ಮೀನಿನಕ್ಕನ ತಕ್ಕಡಿಯಲ್ಲಿ. ಕೈಚೀಲದೊಳಗೆ ಕೂರಿಸಿ ಕೊಕ್ಕೆಗೆ ಸಿಕ್ಕಿಸಿದೆವು, ಮೂರು ಕಿಲೋಗೆ ಸ್ವಲ್ಪ ಜಾಸ್ತಿ ತೋರಿಸಿತು. ಮೀನಿನ ವಾಸನೆಗೆ ಸುಮ್ಮನೆ ಕೂತಿತ್ತು. ಇಳಿಸುವಾಗ ಮಾತ್ರ ಚೀಲ ಬಿಟ್ಟು ಬರಲಿಲ್ಲ, ಅಕ್ಕ ಒಂದು ತಾರ್ಲೆ ಕೊಟ್ಟ ಮೇಲೆ ಹೊರಗೆ ಬಂತು.