ಸರ್ವರ್ ಯಾವ ಪೈಥಾನ್ ಎತ್ತಿಕೊಳ್ಳುತ್ತಿದೆ? ಪತ್ತೆ ಮಾಡಿ ಸರಿಪಡಿಸುವ ಕ್ರಮ

ಲಿನಕ್ಸ್ ಸರ್ವರ್‌ನ ಟರ್ಮಿನಲ್‌ನಲ್ಲಿ ಸರಾಗವಾಗಿ ಓಡಿದ ಪೈಥಾನ್ ಸ್ಕ್ರಿಪ್ಟ್, ನಿಗದಿತ ವೇಳೆಗೆ ಕೆಲಸ ನಡೆಸುವ ಕ್ರಾನ್‌ಗೋ ಹಿನ್ನೆಲೆಯ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿಗೋ ಒಪ್ಪಿಸಿದ ಕೂಡಲೇ ಮಾಡ್ಯೂಲ್ ಸಿಗಲಿಲ್ಲವೆಂದು ನಿಂತುಬಿಡುವುದುಂಟು. ಆಗ ಬಹಳ ಮಂದಿ ಅದೇ ಮಾಡ್ಯೂಲನ್ನು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ. ಮಾಡ್ಯೂಲ್ ಇದ್ದೇ ಇರುತ್ತದೆ. ಅದನ್ನು ಹಾಕಿರುವುದು ಒಂದು ಪೈಥಾನ್‌ಗೆ, ಸರ್ವರ್ ಎತ್ತಿಕೊಂಡಿರುವುದು ಇನ್ನೊಂದನ್ನು.

ಮೊದಲು ಸ್ಕ್ರಿಪ್ಟ್‌ನ ಶೆಬ್ಯಾಂಗ್ ಸಾಲನ್ನು, ಅಂದರೆ ಅದನ್ನು ಯಾವ ಪ್ರೋಗ್ರಾಮ್ ಓಡಿಸಬೇಕೆಂದು ಹೇಳುವ ‘#!’ ಇರುವ ಮೊದಲ ಸಾಲನ್ನು ನೋಡಿ. ಕರ್ನೆಲ್ ಅಲ್ಲಿ ಬರೆದಿರುವ ಪ್ರೋಗ್ರಾಮನ್ನು ನೇರವಾಗಿ ಚಾಲೂ ಮಾಡುತ್ತದೆಯೇ ಹೊರತು ಎಲ್ಲಿಯೂ ಹುಡುಕುವುದಿಲ್ಲ. ವಿಂಡೋಸ್‌ನಲ್ಲಿ ಉಳಿಸಿದ ಫೈಲಾದರೆ ಸಾಲಿನ ಕೊನೆಯ ಕಾಣದ ಅಕ್ಷರವೂ ಹೆಸರಿಗೆ ಅಂಟಿಕೊಂಡು, ಕಣ್ಣೆದುರಿಗಿರುವ ಪ್ರೋಗ್ರಾಮೇ ಇಲ್ಲವೆಂಬ ಎರರ್ ಬರುತ್ತದೆ.

ತೊಡಕಿರುವುದು ಆ ಸಾಲಿನಲ್ಲಿ ‘ಎನ್ವ್’ ಇದ್ದಾಗ. ಎನ್ವ್ ಎಂಬ ಪ್ರೋಗ್ರಾಮ್, ಹುಡುಕಬೇಕಾದ ಜಾಗಗಳ ಪಟ್ಟಿಯಾದ ಪಾತ್ ವೇರಿಯಬಲ್‌ನಲ್ಲಿರುವ ಫೋಲ್ಡರ್‌ಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ನೋಡುತ್ತ ಹೋಗಿ, ಆ ಹೆಸರಿನ ಮೊದಲ ಪ್ರೋಗ್ರಾಮ್ ಸಿಕ್ಕಲ್ಲೇ ನಿಲ್ಲುತ್ತದೆ; ವರ್ಷನ್ ಯಾವುದೆಂದು ವಿಚಾರಿಸುವುದಿಲ್ಲ. ನೀವು ಲಾಗಿನ್ ಆದಾಗ ಶೆಲ್ ತನ್ನ ಫೈಲುಗಳನ್ನು ಓದಿ ಹಲವು ಪೈಥಾನ್ ವರ್ಷನ್‌ಗಳನ್ನು ನಿಭಾಯಿಸುವ ಪೈಎನ್ವ್‌ನಂಥವುಗಳ ಫೋಲ್ಡರನ್ನು ಪಾತ್ ಪಟ್ಟಿಯ ಮೊದಲಿಗೆ ಸೇರಿಸಿರುತ್ತದೆ. ಸರ್ವಿಸ್‌ಗಳಿಗೆ ಲಾಗಿನ್ ಎಂಬುದೇ ಇಲ್ಲ. ಡೆಬಿಯನ್‌ನ ಕ್ರಾನ್ ಸಾಮಾನ್ಯ ಬಳಕೆದಾರನ ಕೆಲಸಕ್ಕೆ ಕೊಡುವ ಪಾತ್‌ನಲ್ಲಿ ಮಾಮೂಲಿಯಾಗಿ ಎರಡೇ ಫೋಲ್ಡರ್‌ಗಳಿರುತ್ತವೆ. ಸಿಸ್ಟಮ್‌ಡಿ ತನ್ನದೇ ನಿಗದಿತ ಪಟ್ಟಿಯನ್ನು ಕೊಡುತ್ತದೆ. ಶೆಲ್ ಶುರುವಾಗುವಾಗ ಓದುವ ಬ್ಯಾಶ್‌ಆರ್‌ಸಿ ಫೈಲನ್ನು ಸರ್ವಿಸ್‌ನೊಳಗೆ ಎಳೆದು ತರುವ ಅಡ್ಡದಾರಿ ಬೇಡವೇ ಬೇಡ: ಉಬುಂಟುವಿನಲ್ಲಿ ಆ ಫೈಲಿನ ಆರಂಭದಲ್ಲೇ, ಎದುರಿಗೆ ಬಳಕೆದಾರ ಇಲ್ಲದಿದ್ದರೆ ಮುಂದೆ ಓದದೆ ಹಿಂತಿರುಗು ಎಂಬ ಆಜ್ಞೆಯಿದೆ. ಸಿಸ್ಟಮ್‌ನ ಪೈಥಾನ್ ಲಿಂಕನ್ನು ಹೊಸ ವರ್ಷನ್‌ಗೆ ತಿರುಗಿಸುವುದಂತೂ ಇನ್ನೂ ಅಪಾಯ. ಅದನ್ನೇ ನಂಬಿಕೊಂಡಿರುವ, ಪ್ಯಾಕೇಜ್‌ಗಳನ್ನು ನಿಭಾಯಿಸುವ ಆಪ್ಟ್‌ನ ಉಪಕರಣಗಳು ಕೆಡುತ್ತವೆ.

ಇನ್ನು ಪರೀಕ್ಷೆ. ಟರ್ಮಿನಲ್‌ನಲ್ಲಿ, ಪ್ರೋಗ್ರಾಮ್ ಎಲ್ಲಿದೆಯೆಂದು ತೋರಿಸುವ ‘ವಿಚ್’ ಆಜ್ಞೆ ಕೊಟ್ಟು ನೋಡುವುದರಿಂದ ಪ್ರಯೋಜನವಿಲ್ಲ, ಅದು ನಿಮ್ಮ ಶೆಲ್‌ನ ಉತ್ತರವನ್ನಷ್ಟೇ ಹೇಳುತ್ತದೆ. ಓಡುತ್ತಿರುವ ಪ್ರೊಸೆಸ್‌ಗಳ ಮಾಹಿತಿಯಿರುವ ಪ್ರಾಕ್ ಫೋಲ್ಡರ್‌ನಲ್ಲಿ ಆ ಸರ್ವಿಸ್‌ನ ಪ್ರೊಸೆಸ್‌ನ ‘ಎಕ್ಸಿ’ ಲಿಂಕ್ ನೋಡಿದರೂ ದಾರಿ ತಪ್ಪಬಹುದು: ವರ್ಚುಯಲ್ ಎನ್ವಿರಾನ್‌ಮೆಂಟ್‌ನ (ಒಂದು ಪ್ರಾಜೆಕ್ಟ್‌ಗೆಂದೇ ಪ್ರತ್ಯೇಕವಾಗಿ ಮಾಡ್ಯೂಲ್‌ಗಳನ್ನು ಇಡುವ ಫೋಲ್ಡರ್) ಪೈಥಾನ್ ಸಾಮಾನ್ಯವಾಗಿ ಸಿಸ್ಟಮ್‌ನ ಪೈಥಾನ್‌ಗೆ ಇರುವ ಲಿಂಕ್ ಮಾತ್ರವಾದ್ದರಿಂದ, ಅಲ್ಲಿ ಮೂಲದ ಹೆಸರೇ ಕಾಣುತ್ತದೆ. ಸ್ಕ್ರಿಪ್ಟ್‌ನ ಆರಂಭದಲ್ಲಿ, ಬೇರೆ ಮಾಡ್ಯೂಲ್‌ಗಳನ್ನು ಕರೆಯುವ ಮುನ್ನವೇ, ಸಿಸ್ ಮಾಡ್ಯೂಲ್‌ನ ‘ಎಕ್ಸಿಕ್ಯೂಟಬಲ್’ ಮತ್ತು ‘ಪ್ರಿಫಿಕ್ಸ್’ ಎರಡನ್ನೂ ಪ್ರಿಂಟ್ ಮಾಡಿಸಿ, ಸರ್ವಿಸ್ ಮೂಲಕವೇ ಓಡಿಸಿ, ಲಾಗ್ ಓದಿ. ನಂಬಬೇಕಾದದ್ದು ಇದನ್ನೇ.

ಸರಿಪಡಿಸುವುದು ಸುಲಭ. ಸರ್ವಿಸ್ ಫೈಲಿನ ಎಕ್ಸೆಕ್‌ಸ್ಟಾರ್ಟ್ ಸಾಲಿನಲ್ಲಿ ವರ್ಚುಯಲ್ ಎನ್ವಿರಾನ್‌ಮೆಂಟ್‌ನ ಬಿನ್ ಫೋಲ್ಡರ್‌ನೊಳಗಿನ ಪೈಥಾನ್‌ನ ಪೂರ್ಣ ವಿಳಾಸವನ್ನೂ ಅದರ ನಂತರ ಸ್ಕ್ರಿಪ್ಟ್‌ನ ಪೂರ್ಣ ವಿಳಾಸವನ್ನೂ ಬರೆಯಿರಿ. ‘ಆಕ್ಟಿವೇಟ್’ ಮಾಡಬೇಕಿಲ್ಲ; ಪೈಥಾನ್ ತನ್ನ ಒಂದು ಮೆಟ್ಟಿಲು ಮೇಲಿರುವ ಪೈವೆನ್ವ್ ಕಾನ್ಫಿಗ್ ಫೈಲನ್ನು ಕಂಡು ತನ್ನ ಮಾಡ್ಯೂಲ್‌ಗಳ ಜಾಗವನ್ನು ತಾನೇ ತಿಳಿದುಕೊಳ್ಳುತ್ತದೆ. ಕ್ರಾನ್ ಸಾಲಿಗೂ ಇದೇ ಕ್ರಮ. ದೂರದ ಸರ್ವರ್‌ಗಳನ್ನು ನಿಭಾಯಿಸುವ ಆನ್ಸಿಬಲ್ ತನ್ನ 2.8 ವರ್ಷನ್‌ನಿಂದ ಆ ಯಂತ್ರದ ಪೈಥಾನನ್ನು ತಾನೇ ಹುಡುಕಿಕೊಳ್ಳುತ್ತದಾದರೂ ನಿಮ್ಮ ವರ್ಚುಯಲ್ ಎನ್ವಿರಾನ್‌ಮೆಂಟ್ ಅದಕ್ಕೆ ಗೊತ್ತಿರುವುದಿಲ್ಲ; ಅಲ್ಲಿಯೂ ಇಂಟರ್‌ಪ್ರಿಟರ್ ವೇರಿಯಬಲ್‌ನಲ್ಲಿ ವಿಳಾಸ ಕೊಡಿ. ಸರ್ವಿಸ್ ಫೈಲ್ ತಿದ್ದಿದ ಮೇಲೆ ಸಿಸ್ಟಮ್‌ಡಿ ಅದನ್ನು ಮತ್ತೆ ಓದುವಂತೆ ಡೀಮನ್ ರೀಲೋಡ್ ಮಾಡಿ, ಸರ್ವಿಸನ್ನು ರೀಸ್ಟಾರ್ಟ್ ಮಾಡಿ, ಲಾಗ್‌ನಲ್ಲಿ ಆ ಎರಡು ಸಾಲುಗಳನ್ನು ಮತ್ತೊಮ್ಮೆ ನೋಡಿಕೊಳ್ಳಿ.